ಹದಿನಾರೂವರೆ ಅಡಿ ಅಗಲದ ಬದುಕು: ಫ್ರಾನ್ಸಿನ ಕಾಲುವೆ ದೋಣಿ ಮನೆಯಾದ ಬಗೆ

2024ರ ಜುಲೈ 26ರ ಸಂಜೆ ಪ್ಯಾರಿಸ್ ಒಲಿಂಪಿಕ್ಸಿನ ಉದ್ಘಾಟನೆಯನ್ನು ಟೀವಿಯಲ್ಲಿ ನೋಡಿದವರಿಗೆ ನೆನಪಿರಬಹುದು: ಕ್ರೀಡಾಪಟುಗಳು ಮೈದಾನ ಸುತ್ತಲಿಲ್ಲ, ಸುರಿಯುವ ಮಳೆಯಲ್ಲಿ ಸೇನ್ ನದಿಯ ಮೇಲೆ ದೋಣಿಗಳಲ್ಲಿ ಬಂದರು. ಅದೇ ನದಿಯ ದಡಕ್ಕೆ ವರ್ಷವಿಡೀ ಕಟ್ಟಿಹಾಕಿರುವ ಇನ್ನೊಂದು ಬಗೆಯ ದೋಣಿಗಳಿವೆ. ಐಫೆಲ್ ಗೋಪುರ ನೋಡಿ ಬಂದವರ ಫೋಟೊಗಳ ಮೂಲೆಯಲ್ಲಿ ಅವು ಕಾಣಿಸಿಕೊಳ್ಳುತ್ತವೆ. ಉದ್ದನೆಯ, ಚಪ್ಪಟೆಯಾದ, ಕಪ್ಪು ಬಳಿದ ಕಬ್ಬಿಣದ ಒಡಲು. ಮೇಲೆ ಹೂವಿನ ಕುಂಡ, ಸೈಕಲ್ಲು, ಒಣಹಾಕಿದ ಬಟ್ಟೆ. ದಡದಲ್ಲಿ ಒಂದು ಅಂಚೆ ಪೆಟ್ಟಿಗೆ.

‘ಇದರಲ್ಲಿ ಜನ ವಾಸವಾಗಿದ್ದಾರೆಯೇ?’ ಎಂದು ನೋಡಿದವರೆಲ್ಲ ಕೇಳುತ್ತಾರೆ. ವಾಸವಾಗಿದ್ದಾರೆ. ಆದರೆ ಈ ದೋಣಿಗಳನ್ನು ಮನೆಯೆಂದು ಯಾರೂ ಕಟ್ಟಿದ್ದಲ್ಲ. ಕಲ್ಲಿದ್ದಲು, ಮರಳು, ಗೋಧಿ ಹೊತ್ತು ಕಾಲುವೆಗಳಲ್ಲಿ ತಿರುಗಿದ ಸರಕು ದೋಣಿಗಳಿವು. ಫ್ರೆಂಚರು ಇವನ್ನು ‘ಪೆನಿಶ್’ ಎನ್ನುತ್ತಾರೆ. ಇವುಗಳಲ್ಲಿ ಬಹುಪಾಲು ಒಂದೇ ಅಳತೆಯವು: ಉದ್ದ 38.5 ಮೀಟರ್, ಅಗಲ 5.05 ಮೀಟರ್. ನಮ್ಮ ಸೈಟಿನ ಲೆಕ್ಕದಲ್ಲಿ ಹೇಳುವುದಾದರೆ ಹದಿನಾರೂವರೆ ಅಡಿಗೆ ನೂರಿಪ್ಪತ್ತಾರು ಅಡಿ. ಈ ವಿಚಿತ್ರ ಅಳತೆ ಎಲ್ಲಿಂದ ಬಂತು ಎಂದು ತಿಳಿದರೆ ದೋಣಿಯ ದುಡಿಮೆ, ಅದು ಕೆಲಸ ಕಳೆದುಕೊಂಡದ್ದು, ಕೊನೆಗೆ ಮನೆಯಾದದ್ದು ಎಲ್ಲವೂ ತಿಳಿದಂತೆ.

ನೀರಿನ ಮೆಟ್ಟಿಲು

ಮೊದಲು ಕಾಲುವೆಯ ವಿಷಯ. ನಮಗೆ ಕಾಲುವೆ ಎಂದರೆ ಗದ್ದೆಗೆ ನೀರು ಹಾಯಿಸುವುದು. ನೀರು ಹರಿಯುತ್ತಲೇ ಇರಬೇಕು. ದೋಣಿ ಸಾಗುವ ಕಾಲುವೆ ಇದಕ್ಕೆ ತಿರುಗುಮುರುಗು. ಅಲ್ಲಿ ನೀರು ಆದಷ್ಟೂ ನಿಂತಿರಬೇಕು. ಹರಿದರೆ ಒಂದು ದಿಕ್ಕಿಗೆ ಹೋಗುವ ದೋಣಿಗೆ ಸುಖ, ಎದುರು ಬರುವ ದೋಣಿಗೆ ಕಷ್ಟ. ಆದರೆ ನೆಲ ಸಮತಟ್ಟಾಗಿಲ್ಲವಲ್ಲ? ಗುಡ್ಡ ಏರಬೇಕು, ಕಣಿವೆಗೆ ಇಳಿಯಬೇಕು. ನಿಂತ ನೀರನ್ನು ಗುಡ್ಡ ಹತ್ತಿಸುವುದು ಹೇಗೆ?

ಅದಕ್ಕಿರುವುದು ಮೆಟ್ಟಿಲುಗಳು. ಕಾಲುವೆಯನ್ನು ತುಂಡು ತುಂಡಾಗಿ, ಒಂದಕ್ಕಿಂತ ಒಂದು ಎತ್ತರದಲ್ಲಿ ಕಟ್ಟುತ್ತಾರೆ. ಎರಡು ತುಂಡುಗಳ ನಡುವೆ ಕಲ್ಲಿನ ಒಂದು ತೊಟ್ಟಿ, ಅದರ ಎರಡೂ ತುದಿಗೆ ಬಾಗಿಲು. ಇದೇ ‘ಲಾಕ್’, ಫ್ರೆಂಚಿನಲ್ಲಿ ಎಕ್ಲೂಜ್. ಕೆಳಗಿನಿಂದ ಬಂದ ದೋಣಿ ತೊಟ್ಟಿಯೊಳಗೆ ಹೋಗುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ಮೇಲಿನ ಕಾಲುವೆಯಿಂದ ತೂಬಿನ ಮೂಲಕ ನೀರು ಬಿಡುತ್ತಾರೆ. ಬಕೆಟ್ಟಿನಲ್ಲಿ ತೇಲುವ ತಂಬಿಗೆ ನಲ್ಲಿ ಬಿಟ್ಟಂತೆ ಮೇಲೇರುತ್ತದಲ್ಲ, ಹಾಗೆ ದೋಣಿಯೂ ಏರುತ್ತದೆ. ಎರಡೂ ಕಡೆಯ ನೀರು ಸಮವಾದ ಮೇಲೆ ಮುಂದಿನ ಬಾಗಿಲು ತೆರೆಯುತ್ತದೆ. ಪಂಪು ಬೇಡ, ಇಂಧನ ಬೇಡ. ಇಳಿಜಾರಿನ ಬಲವೇ ಸಾಕು.

ಪುಕ್ಕಟೆಯೇನೂ ಅಲ್ಲ. 39 ಮೀಟರ್ ಉದ್ದ, 5.2 ಮೀಟರ್ ಅಗಲದ ತೊಟ್ಟಿಯಲ್ಲಿ ನೀರು ಎರಡೂವರೆ ಮೀಟರ್ ಏರಬೇಕೆಂದರೆ ಸುಮಾರು 5 ಲಕ್ಷ ಲೀಟರ್ ಬೇಕು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರುಗಳನ್ನು ಲೆಕ್ಕ ಹಿಡಿದರೆ ಐವತ್ತು. ಒಮ್ಮೆ ಬಾಗಿಲು ತೆರೆದು ಮುಚ್ಚಿದರೆ ಅಷ್ಟು ನೀರು ಗುಡ್ಡದ ಮೇಲಿನಿಂದ ಒಂದು ಮೆಟ್ಟಿಲು ಕೆಳಗಿಳಿಯಿತು. ಹಾಗಾಗಿ ಕಾಲುವೆಯ ಅತಿ ಎತ್ತರದ ತುಂಡಿಗೆ ನೀರುಣಿಸಲು ಗುಡ್ಡಗಳಲ್ಲಿ ಜಲಾಶಯಗಳನ್ನೇ ಕಟ್ಟಬೇಕಾಯಿತು. ಬರ್ಗಂಡಿ ಕಾಲುವೆ 242 ಕಿಲೋಮೀಟರ್ ಉದ್ದ. ಅದರಲ್ಲಿ 189 ಲಾಕುಗಳಿವೆ. ಲಾಕಿಗೆ ಹದಿನೈದು ನಿಮಿಷ ಎಂದರೂ ಬಾಗಿಲುಗಳ ನಡುವೆಯೇ 47 ಗಂಟೆ ಕಳೆಯುತ್ತದೆ. ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ ಸಾಗುವ ಹೊತ್ತನ್ನೂ ಸೇರಿಸಿ, ದಿನಕ್ಕೆ ಹನ್ನೆರಡು ಗಂಟೆ ದುಡಿದರೆ, ಒಂದು ತುದಿಯಿಂದ ಇನ್ನೊಂದು ತುದಿಗೆ ವಾರಕ್ಕಿಂತ ಹೆಚ್ಚು.

ಒಬ್ಬ ಮಂತ್ರಿ ಹಾಕಿದ ಅಳತೆ

ಫ್ರಾನ್ಸಿನ ಕಾಲುವೆಗಳು ಒಂದೇ ಕಾಲದವಲ್ಲ. ಬ್ರಿಯಾರ್ ಕಾಲುವೆ 1642ರಲ್ಲಿ ಮುಗಿಯಿತು, ದಕ್ಷಿಣದ ಪ್ರಸಿದ್ಧ ‘ಕನಾಲ್ ದ್ಯು ಮಿದಿ’ 1681ರಲ್ಲಿ. ಒಂದೊಂದು ಕಾಲುವೆಯನ್ನು ಒಬ್ಬೊಬ್ಬರು ತಮಗೆ ತೋಚಿದ ಅಳತೆಯಲ್ಲಿ ಕಟ್ಟಿದ್ದರು. ಬೆರಿ ಪ್ರಾಂತ್ಯದ ಕಾಲುವೆಯ ಲಾಕು ಬರೀ 2.7 ಮೀಟರ್ ಅಗಲ. ಪರಿಣಾಮ ಏನೆಂದು ನಮಗೆ ಬಿಡಿಸಿ ಹೇಳಬೇಕಿಲ್ಲ. ಮೀಟರ್ ಗೇಜ್ ಮತ್ತು ಬ್ರಾಡ್ ಗೇಜ್ ಕೂಡುವ ನಿಲ್ದಾಣಗಳಲ್ಲಿ ಸಾಮಾನು ಇಳಿಸಿ ಇನ್ನೊಂದು ರೈಲಿಗೆ ಏರಿಸುತ್ತಿದ್ದ ಕಾಲವನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ.

ಈ ಗೊಂದಲಕ್ಕೆ ಕೈ ಹಾಕಿದವರು ಶಾರ್ಲ್ ದ ಫ್ರೆಸಿನೆ. ಮೂಲತಃ ಎಂಜಿನಿಯರ್, ಆಗ ಲೋಕೋಪಯೋಗಿ ಮಂತ್ರಿ, ಮುಂದೆ ನಾಲ್ಕು ಬಾರಿ ಪ್ರಧಾನಿ. 1879ರ ಆಗಸ್ಟ್ 5ರ ಕಾನೂನಿನಂತೆ ದೇಶದ ಮುಖ್ಯ ಜಲಮಾರ್ಗಗಳ ಲಾಕುಗಳೆಲ್ಲ 39 ಮೀಟರ್ ಉದ್ದ, 5.2 ಮೀಟರ್ ಅಗಲಕ್ಕೆ ಬರಬೇಕಾಯಿತು. ಇದೇ ‘ಫ್ರೆಸಿನೆ ಅಳತೆ’. ಹಳೆಯ ಲಾಕುಗಳನ್ನು ಒಡೆದು ಹಿಗ್ಗಿಸಿದರು. ದೋಣಿ ಕಟ್ಟುವವರು ತೊಟ್ಟಿಯೊಳಗೆ ಹಿಡಿಸುವ ಅತಿ ದೊಡ್ಡ ಪೆಟ್ಟಿಗೆಯನ್ನು ಕಟ್ಟತೊಡಗಿದರು.

ಪೆಟ್ಟಿಗೆ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಸಮುದ್ರದ ದೋಣಿಗೆ ಅಲೆ ಸೀಳಲು ಚೂಪಾದ ಮೂತಿ ಬೇಕು. ಕಾಲುವೆಯಲ್ಲಿ ಅಲೆಯೇ ಇಲ್ಲ. ಮೂತಿಯನ್ನು ಚೂಪು ಮಾಡಿದಷ್ಟೂ ಸರಕಿನ ಜಾಗ ನಷ್ಟ. ಹಾಗಾಗಿ ಪೆನಿಶಿನ ಮುಂದೆಯೂ ಹಿಂದೆಯೂ ಮೊಂಡು, ಪಕ್ಕಗಳು ನೇರ, ತಳ ಚಪ್ಪಟೆ. ತುಂಬಿದಾಗ ಸುಮಾರು 350 ಟನ್ ಹೊರುತ್ತದೆ. ಇಂದಿನ ಹದಿನಾಲ್ಕು ದೊಡ್ಡ ಲಾರಿಗಳ ಹೊರೆ.

ದೋಣಿಯ ಅಗಲ 5.05, ಲಾಕಿನ ಅಗಲ 5.20. ಉಳಿಯುವುದು ಎಡಕ್ಕೆ ಏಳೂವರೆ ಸೆಂಟಿಮೀಟರ್, ಬಲಕ್ಕೆ ಏಳೂವರೆ. ಒಂದು ಅಂಗೈ ಅಗಲ. ತುಂಬಿದ ದೋಣಿ ಆ ಕಿಂಡಿಯೊಳಗೆ ನುಗ್ಗುವಾಗ ಆಗುವುದನ್ನು ನೋಡಬೇಕು. ನೀರಿನಡಿ ಲಾಕಿನ ಬಾಯಿಯ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ದೋಣಿಯೇ ತುಂಬಿಬಿಡುತ್ತದೆ. ಒಳಗಿದ್ದ ನೀರು ಉಳಿದ ಸಂದಿಯಿಂದ ಹಿಂದಕ್ಕೆ ತಪ್ಪಿಸಿಕೊಳ್ಳಬೇಕು. ಸಿರಿಂಜಿನಲ್ಲಿ ಪಿಸ್ಟನ್ ಒತ್ತಿದ ಹಾಗೆ. ಆತುರ ಪಟ್ಟರೆ ನೀರು ಮುಂದೆ ಗುಡ್ಡೆಯಾಗಿ ದೋಣಿಯನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಚುಕ್ಕಾಣಿ ಹಿಡಿದವರು ನೂರಡಿ ಮುಂದಿರುವ ಮೂತಿಯನ್ನು ದಿಟ್ಟಿಸುತ್ತ, ಗೋಡೆಗೆ ಮೈ ತಾಗದಂತೆ, ಆಮೆಯ ನಡಿಗೆಯಲ್ಲಿ ಒಳಗೆ ತರುತ್ತಾರೆ. ದಿನಕ್ಕೆ ಇಪ್ಪತ್ತು ಮೂವತ್ತು ಬಾರಿ.

ಎಳೆದವರು

ಮೊದಲಿನ ಪೆನಿಶುಗಳಿಗೆ ಎಂಜಿನ್ ಇರಲಿಲ್ಲ. ದಡದ ಉದ್ದಕ್ಕೂ ಇರುವ ಹಾದಿಯಲ್ಲಿ ಕುದುರೆಗಳು ಹಗ್ಗ ಕಟ್ಟಿಕೊಂಡು ಎಳೆಯುತ್ತಿದ್ದವು. ರಸ್ತೆಯಲ್ಲಿ ಒಂದೆರಡು ಟನ್ ಗಾಡಿಗೇ ಏದುಸಿರು ಬಿಡುವ ಕುದುರೆಗಳು ಜೋಡಿಯಾಗಿ ಮುನ್ನೂರು ಟನ್ ಎಳೆದದ್ದು ಹೇಗೆ? ನಿಧಾನವಾಗಿ ಸಾಗುವ ವಸ್ತುವಿಗೆ ನೀರು ಒಡ್ಡುವ ತಡೆ ತೀರ ಕಡಿಮೆ. ಹೊರಡಿಸುವುದೇ ಕಷ್ಟ; ಒಮ್ಮೆ ಅಲುಗಿದರೆ ಗಂಟೆಗೆ ಎರಡು ಮೂರು ಕಿಲೋಮೀಟರಿನಂತೆ ಸಾಗುತ್ತಲೇ ಇರುತ್ತದೆ. ವೇಗ ಹೆಚ್ಚಿಸಲು ಹೋದರೆ ಮಾತ್ರ ತಡೆ ಒಮ್ಮೆಲೇ ಏರುತ್ತದೆ. ಕೆಲವು ದೋಣಿಗಳ ನಡುವೆಯೇ ಲಾಯ ಇರುತ್ತಿತ್ತು. ಕುದುರೆ ರಾತ್ರಿ ದೋಣಿಯಲ್ಲೇ ಮಲಗಿ, ಬೆಳಿಗ್ಗೆ ಹಲಗೆ ಇಳಿದು ಕೆಲಸಕ್ಕೆ ಹೋಗುತ್ತಿತ್ತು. ಕುದುರೆ ಸಾಕಲಾಗದ ಬಡವರು ಎದೆಗೆ ಅಗಲವಾದ ಪಟ್ಟಿ ಕಟ್ಟಿಕೊಂಡು ತಾವೇ ಎಳೆದರು. ಗಂಡ, ಹೆಂಡತಿ, ಕೆಲವೊಮ್ಮೆ ಮಕ್ಕಳು.

20ನೇ ಶತಮಾನದಲ್ಲಿ ಉತ್ತರದ ಮತ್ತು ಪೂರ್ವದ ಕಾಲುವೆಗಳ ದಡದಲ್ಲಿ ಹಳಿ ಹಾಕಿ ವಿದ್ಯುತ್ ಎಂಜಿನುಗಳಿಂದ ಎಳೆಸಿದರು. ಆಮೇಲೆ ದೋಣಿಗೇ ಡೀಸೆಲ್ ಎಂಜಿನ್ ಬಂತು, ಎರಡನೇ ಮಹಾಯುದ್ಧದ ನಂತರ ಅದೇ ವಾಡಿಕೆಯಾಯಿತು. ಒಂದು ಅಪವಾದ ಇನ್ನೂ ಕುತೂಹಲದ್ದು. ಸೇಂಟ್ ಕ್ವೆಂಟಿನ್ ಕಾಲುವೆಯ ರಿಕೆವಾಲ್ ಸುರಂಗ 5,670 ಮೀಟರ್ ಉದ್ದ. ಒಳಗೆ ಡೀಸೆಲ್ ಹೊಗೆ ತುಂಬಿದರೆ ಉಸಿರು ಕಟ್ಟುತ್ತದೆ. ಅದಕ್ಕಾಗಿ ನೀರಿನ ತಳದಲ್ಲಿ ಸರಪಳಿ ಹಾಸಿ, ವಿದ್ಯುತ್ತಿನಿಂದ ಓಡುವ ಎಳೆದೋಣಿಯೊಂದು ಆ ಸರಪಳಿಯನ್ನೇ ಹಿಡಿದು ಮುಂದೆ ಸಾಗುತ್ತ ಉಳಿದವನ್ನು ಎಳೆದೊಯ್ಯುತ್ತದೆ.

ಹಿಂಬದಿಯ ಗೂಡು

ಪೆನಿಶನ್ನು ನಡೆಸುವವರು ‘ಮಾರಿನಿಯೆ’ಗಳು. ಇದು ನೌಕರಿಗಿಂತ ಕುಲಕಸುಬು ಎನ್ನುವುದೇ ಸರಿ. ದೋಣಿಯಲ್ಲಿ ಹುಟ್ಟಿ, ಇನ್ನೊಂದು ದೋಣಿಯ ಮನೆತನಕ್ಕೆ ಮದುವೆಯಾಗಿ, ಸಾಲ ಮಾಡಿ ಸ್ವಂತ ದೋಣಿ ಕೊಂಡು, ಅದರಲ್ಲೇ ಮಕ್ಕಳನ್ನು ಹೆತ್ತವರು. ದೋಣಿಯ ಮುಕ್ಕಾಲು ಪಾಲು ಸರಕಿನ ಒಡಲು. ಹಿಂಬದಿಯಲ್ಲಿ, ಚುಕ್ಕಾಣಿಯ ಪಕ್ಕ, ಪುಟ್ಟ ಮನೆ. ಅಡುಗೆ ಒಲೆ, ಗೋಡೆಗೆ ಸೇರಿಸಿದ ಮಂಚ, ಕಿಟಕಿಗೆ ಕಸೂತಿಯ ಪರದೆ, ಫಳಫಳ ಉಜ್ಜಿದ ಹಿತ್ತಾಳೆ. ಪಕ್ಕದ ಒಡಲಿನಲ್ಲಿ ಕಲ್ಲಿದ್ದಲ ಧೂಳು ಏಳುತ್ತಿರುವಾಗ ಪರದೆಯನ್ನು ಬೆಳ್ಳಗೆ ಇಟ್ಟುಕೊಳ್ಳುವುದು ಎಂಥ ಹಟ ಎಂದು ಯೋಚಿಸಿ. ತೆವಳುವ ಮಗು ನೀರಿಗೆ ಬೀಳದಂತೆ ಸೊಂಟಕ್ಕೆ ಹಗ್ಗ ಕಟ್ಟಿ ಬಿಡುತ್ತಿದ್ದರು. ಶಾಲೆಯ ವಯಸ್ಸು ಬಂದರೆ ದೋಣಿಯವರ ಮಕ್ಕಳಿಗೆಂದೇ ಇದ್ದ ವಸತಿ ಶಾಲೆ. ಅಪ್ಪ ಅಮ್ಮ ಆ ವಾರ ಯಾವ ಊರಿನಲ್ಲಿದ್ದಾರೆ ಎಂಬುದು ಸರಕನ್ನು ಅವಲಂಬಿಸಿದ್ದ ಸಂಗತಿ.

ಹೆಂಡತಿ ಇಲ್ಲಿ ಪ್ರಯಾಣಿಕಳಲ್ಲ. ಲಾಕಿನಲ್ಲಿ ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ದಡದ ಗೂಟಕ್ಕೆ ಹಗ್ಗ ಸುತ್ತಬೇಕು. ಇಬ್ಬರಲ್ಲಿ ಒಬ್ಬರು ಕಾಯಿಲೆ ಬಿದ್ದರೆ ದೋಣಿ ನಿಂತಿತು.

ಸರಕನ್ನು ತೂಗುವ ಬಗೆ ಬಲು ಚೆನ್ನಾಗಿದೆ. ಮುನ್ನೂರು ಟನ್ನಿನ ತಕ್ಕಡಿ ಎಲ್ಲಿಂದ ತರುವುದು? ದೋಣಿಯೇ ತಕ್ಕಡಿ. ಒಡಲಿನ ಹೊರಗೆ, ಎರಡೂ ಪಕ್ಕ, ಸೆಂಟಿಮೀಟರ್ ಗುರುತು ಮಾಡಿದ ಪಟ್ಟಿಗಳಿರುತ್ತವೆ. ಖಾಲಿ ಇದ್ದಾಗ ನೀರು ಎಲ್ಲಿ ಮುಟ್ಟುತ್ತದೆ, ತುಂಬಿದ ಮೇಲೆ ಎಲ್ಲಿ ಎಂದು ಓದಿಕೊಂಡರಾಯಿತು. ದೋಣಿಯ ತಳದ ವಿಸ್ತಾರ ಸುಮಾರು 190 ಚದರ ಮೀಟರ್. ಹಾಗಾಗಿ ಒಂದು ಸೆಂಟಿಮೀಟರ್ ಇಳಿಯಿತೆಂದರೆ ಸುಮಾರು 1.9 ಟನ್ ಸರಕು ಬಿತ್ತು ಎಂದರ್ಥ. ಐವತ್ತು ಕಿಲೋ ಚೀಲದ ಲೆಕ್ಕದಲ್ಲಿ ಮೂವತ್ತೆಂಟು ಚೀಲ.

ಸರದಿಯ ಹಲಗೆ ಕೆಳಗಿಳಿದದ್ದು

ಸರಕು ಸಿಗುತ್ತಿದ್ದದ್ದು ಸರದಿಯಂತೆ. ಸೇನ್ ಮತ್ತು ವಾಜ್ ನದಿಗಳು ಕೂಡುವ ಕಾನ್ಫ್ಲಾನ್ ಸೇಂಟ್ ಒನೊರಿನ್ ಊರು ಮಾರಿನಿಯೆಗಳ ರಾಜಧಾನಿ. ಅಲ್ಲಿಯೂ ಬೇರೆ ದೋಣಿ ಊರುಗಳಲ್ಲಿಯೂ ಸರಕು ಹಂಚುವ ಕಚೇರಿಗಳಿದ್ದವು. ದೋಣಿ ಖಾಲಿಯಾದವರು ಹೆಸರು ಬರೆಸಬೇಕು. ಹಲಗೆಯ ಮೇಲೆ ಅಂದಿನ ಸರಕು ಮತ್ತು ಬಾಡಿಗೆ. ಮೊದಲು ಬಂದವರಿಗೆ ಮೊದಲ ಆಯ್ಕೆ. ನಮ್ಮ ಲಾರಿ ಸ್ಟ್ಯಾಂಡಿನ ಸರದಿ ಪುಸ್ತಕದಂತೆಯೇ. ಇದರಿಂದ ಒಬ್ಬರ ಮೇಲೊಬ್ಬರು ಬಿದ್ದು ಬಾಡಿಗೆ ಇಳಿಸುವುದು ತಪ್ಪಿತು. ಜತೆಗೆ, ಒಳ್ಳೆಯ ಸರಕಿಗಾಗಿ ವಾರಗಟ್ಟಲೆ ಕಾಯುವುದೂ ಸೇರಿಕೊಂಡಿತು. ಐರೋಪ್ಯ ಒಕ್ಕೂಟದ ನಿಯಮದಂತೆ 2000ದ ಜನವರಿ 1ರಿಂದ ಈ ಪದ್ಧತಿ ರದ್ದಾಯಿತು.

ಅಷ್ಟು ಹೊತ್ತಿಗೆ ಪೆನಿಶಿನ ಕಾಲ ಬಹುಮಟ್ಟಿಗೆ ಮುಗಿದಿತ್ತು. ಉತ್ತರ ಫ್ರಾನ್ಸಿನ ಕಲ್ಲಿದ್ದಲ ಗಣಿಗಳಲ್ಲಿ ಕೊನೆಯದು 1990ರಲ್ಲಿ ಮುಚ್ಚಿತು. ಲಾರಿ ಬಾಗಿಲಿಗೇ ಬರುತ್ತದೆ, ಮರುದಿನವೇ ತಲುಪಿಸುತ್ತದೆ. ಇನ್ನೊಂದು ಪೆಟ್ಟು ನೀರಿನ ಕಡೆಯಿಂದಲೇ ಬಿತ್ತು. ಸೇನ್, ರೋನ್, ಮೊಸೆಲ್ ನದಿಗಳಲ್ಲಿ ದೊಡ್ಡ ಲಾಕುಗಳನ್ನು ಕಟ್ಟಿದ ಮೇಲೆ ಸಾವಿರಾರು ಟನ್ನಿನ ದೋಣಿಗಳು ಓಡಾಡತೊಡಗಿದವು. ಮುನ್ನೂರೈವತ್ತು ಟನ್ನಿಗೆ ಒಂದು ಸಂಸಾರದ ದುಡಿಮೆ ಬೇಕು. ಅದರ ಹತ್ತು ಪಟ್ಟು ಸರಕಿಗೆ ಹತ್ತು ಸಂಸಾರ ಬೇಕಿಲ್ಲ. ಈಗ ಕಟ್ಟುತ್ತಿರುವ 107 ಕಿಲೋಮೀಟರ್ ಉದ್ದದ ಸೇನ್–ಉತ್ತರ ಯುರೋಪ್ ಕಾಲುವೆಯಂತೂ 4,400 ಟನ್ನಿನ ಹೊರೆಗೆಂದು ರೂಪಿಸಿದ್ದು. ಹನ್ನೆರಡು ಪೆನಿಶುಗಳ ಸರಕು ಒಂದೇ ಬಾರಿಗೆ. 1879ರಲ್ಲಿ ದೊಡ್ಡದೆನಿಸಿದ ಅಳತೆ ನೂರು ವರ್ಷದಲ್ಲಿ ಕೊರಳಿಗೆ ಉರುಳಾಯಿತು.

ದೋಣಿಗಳ ಸಂಖ್ಯೆ ತಗ್ಗಿಸಲು ಸರ್ಕಾರಗಳು ಹಣ ಕೊಟ್ಟು ಹಳೆಯವನ್ನು ಗುಜರಿಗೆ ಹಾಕಿಸಿದವು. ಸಾವಿರಾರು ಪೆನಿಶುಗಳು ಹಾಗೆ ತುಂಡಾದವು. ಧಾನ್ಯ, ಜಲ್ಲಿ ಹೊರುವ ಕೆಲವು ಇನ್ನೂ ಓಡುತ್ತಿವೆ. ಗುಜರಿಯನ್ನು ತಪ್ಪಿಸಿಕೊಂಡ ಬಹಳಷ್ಟಕ್ಕೆ ಬೇರೆ ಗಿರಾಕಿಗಳು ಬಂದರು.

ಕಲ್ಲಿದ್ದಲಿದ್ದ ಕಡೆ ಮಲಗುವ ಕೋಣೆ

ಸರಕಿನ ಒಡಲೆಂದರೆ ನಡುವೆ ಗೋಡೆಯಿಲ್ಲದ ಹಜಾರ. ಸಾವಿರ ಚದರ ಅಡಿಗೂ ಹೆಚ್ಚು ಖಾಲಿ ಜಾಗ. ಪ್ಯಾರಿಸಿನಲ್ಲಿ ಅಷ್ಟು ದೊಡ್ಡ ಮನೆ ಕೊಳ್ಳುವುದು ಸಾಮಾನ್ಯರಿಗೆ ಕನಸು. ಆದರೆ ಹಾಸಿಗೆ ತಂದು ಹಾಕಿದೊಡನೆ ಅದು ಮನೆಯಾಗುವುದಿಲ್ಲ.

ಮೊದಲ ಕೆಲಸ ತಳದ ಪರೀಕ್ಷೆ. ದೋಣಿಯನ್ನು ಡ್ರೈ ಡಾಕಿಗೆ ಒಯ್ಯುತ್ತಾರೆ: ದೋಣಿ ಒಳಗೆ ಬಂದ ಮೇಲೆ ನೀರನ್ನೆಲ್ಲ ಹೊರಗೆ ಬಿಟ್ಟು ಬತ್ತಿಸುವ ಕಟ್ಟೆ. ಪಾಚಿ, ಚಿಪ್ಪು ತೊಳೆದು, ಆಸ್ಪತ್ರೆಯ ಸ್ಕ್ಯಾನಿಂಗಿನ ತತ್ವದ ಮೇಲೆಯೇ ಕೆಲಸ ಮಾಡುವ ಚಿಕ್ಕ ಯಂತ್ರವನ್ನು ಅಡಿಯಿಡೀ ತಾಗಿಸುತ್ತ ಹೋಗುತ್ತಾರೆ. ಶಬ್ದದ ಅಲೆ ಉಕ್ಕಿನ ಹಾಳೆಯ ಆಚೆ ಬದಿಗೆ ಬಡಿದು ಮರಳುವ ಹೊತ್ತಿನಿಂದ ಹಾಳೆ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಗೊತ್ತಾಗುತ್ತದೆ. ನಾಲ್ಕು ಮಿಲಿಮೀಟರಿಗಿಂತ ತೆಳುವಾಗಿದ್ದರೆ ವಿಮೆಯವರು ಸಾಮಾನ್ಯವಾಗಿ ಒಪ್ಪುವುದಿಲ್ಲ; ಹೊಸ ಹಾಳೆ ಬೆಸೆಯಬೇಕು. ಹಳೆಯ ದೋಣಿಗಳಲ್ಲಿ ಇಲ್ಲೊಂದು ತೊಡಕು. ಅವನ್ನು ರಿವೆಟ್ ಹೊಡೆದು ಜೋಡಿಸಿದ್ದಾರೆ; ಪಕ್ಕದಲ್ಲಿ ವೆಲ್ಡಿಂಗ್ ಮಾಡಿದರೆ ಬಿಸಿಗೆ ರಿವೆಟ್ ಸಡಿಲಗೊಂಡು ನೀರು ಜಿನುಗತೊಡಗುತ್ತದೆ. ಒಂದು ಕಡೆ ಮುಚ್ಚಲು ಹೋಗಿ ಇನ್ನೊಂದು ಕಡೆ ತೂತು.

ಎರಡನೆಯದು ಭಾರ. ಖಾಲಿ ಪೆನಿಶ್ ಮೊಣಕಾಲುದ್ದ ನೀರಿನಲ್ಲೂ ತೇಲುತ್ತದೆ. ಕೇಳಲು ಒಳ್ಳೆಯದೇ. ಆದರೆ ಹಾಗೆ ಎದ್ದು ನಿಂತ ದೋಣಿ ಸೇತುವೆಯ ಕೆಳಗೆ ತೂರುವುದಿಲ್ಲ, ಅದನ್ನು ಮುಂದೆ ತಳ್ಳುವ ಹಿಂದಿನ ಪಂಖವೂ ಪೂರ್ತಿ ಮುಳುಗುವುದಿಲ್ಲ. ಗೋಡೆ, ಸ್ನಾನದ ಕೋಣೆ, ಪುಸ್ತಕದ ಬೀರು ಎಲ್ಲ ಸೇರಿದರೂ ಮುನ್ನೂರು ಟನ್ ಕಲ್ಲಿದ್ದಲಿಗೆ ಸಮನಾಗುವುದಿಲ್ಲವಲ್ಲ. ಆದ್ದರಿಂದ ನೆಲದ ಹಲಗೆಯ ಕೆಳಗೆ ಕಾಂಕ್ರೀಟ್ ಇಟ್ಟಿಗೆ, ಕಲ್ಲು ಜೋಡಿಸುತ್ತಾರೆ. ಮೂವತ್ತು ಸೆಂಟಿಮೀಟರ್ ಇಳಿಸಲು ಐವತ್ತೇಳು ಟನ್. ಸರಕು ತೂಗಿದ ಅದೇ ಲೆಕ್ಕ.

ಬಳಿಕ ಬೆಳಕು ಮತ್ತು ಚಳಿ. ಸರಕಿಗೆ ಕಿಟಕಿ ಬೇಕಿರಲಿಲ್ಲ, ಮನುಷ್ಯರಿಗೆ ಬೇಕು. ಪಕ್ಕದ ಉಕ್ಕನ್ನು ಕೊರೆದು ದುಂಡು ಕಿಂಡಿಗಳನ್ನು ಕೂರಿಸುತ್ತಾರೆ. ಒಳಗೆ ಕೂತವರ ಕಣ್ಣಿಗೆ ನೀರಿನ ಮಟ್ಟ ಹತ್ತಿರವೇ ಇರುವುದರಿಂದ ಬಾತುಕೋಳಿ ಎದುರಾಎದುರು ಸಿಗುತ್ತದೆ. ಮೇಲಿನ ತೆಗೆದಿಡುವ ಮುಚ್ಚಳಗಳ ಜಾಗಕ್ಕೆ ಭದ್ರವಾದ ಚಾವಣಿ ಬರುತ್ತದೆ. ಚಳಿಗಾಲದಲ್ಲಿ ಒಳಗಿನ ಬೆಚ್ಚನೆಯ ಗಾಳಿ ತಣ್ಣನೆಯ ಉಕ್ಕನ್ನು ಮುಟ್ಟಿದರೆ ತಣ್ಣೀರಿನ ಲೋಟದಂತೆ ಗೋಡೆಯೇ ಬೆವರುತ್ತದೆ. ಅದಕ್ಕೆ ದಪ್ಪನೆಯ ಒಳಪದರ.

ಕೆಲವರು ಇನ್ನೂ ಮುಂದೆ ಹೋಗಿ ದೋಣಿಯನ್ನೇ ಕತ್ತರಿಸುತ್ತಾರೆ. ಕನಾಲ್ ದ್ಯು ಮಿದಿಯ ಹಳೆಯ ಲಾಕುಗಳಲ್ಲಿ ಮೂವತ್ತು ಮೀಟರಿಗಿಂತ ಉದ್ದದ್ದು ಹಿಡಿಸದು. ಅಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಹೋಟೆಲ್ ದೋಣಿ ನಡೆಸಬೇಕೆಂದರೆ ನಡುವಿನ ಎಂಟು ಮೀಟರಿಗೂ ಹೆಚ್ಚು ತುಂಡನ್ನು ತೆಗೆದುಹಾಕಿ ತಲೆಯನ್ನೂ ಬಾಲವನ್ನೂ ಬೆಸೆಯಬೇಕು. ಅಲ್ಲಿ ಓಡಾಡುವ ಹಲವು ಹೋಟೆಲ್ ದೋಣಿಗಳು ಹೀಗೆ ಮೋಟಾದ ಪೆನಿಶುಗಳೇ.

ಎಲ್ಲವೂ ಮನೆ, ಹೋಟೆಲ್ ಆಗಲಿಲ್ಲ. ನಾಟಕಶಾಲೆ, ಊಟದ ಮನೆಗಳಾದವೂ ಇವೆ. ಕಾನ್ಫ್ಲಾನಿನಲ್ಲಿ ‘ಜ ಸೆರ್’ ಎಂಬ ಎಪ್ಪತ್ತು ಮೀಟರಿನ ಕಾಂಕ್ರೀಟ್ ದೋಣಿ 1930ರ ದಶಕದಿಂದ ಮಾರಿನಿಯೆಗಳ ಚರ್ಚು. ಹೆಸರಿನ ಅರ್ಥ ‘ನಾನು ಸೇವೆ ಮಾಡುತ್ತೇನೆ’. ಅದರ ಸೋದರನಂತಿದ್ದ ಇನ್ನೊಂದು ದೋಣಿಗೆ ನಮಗೂ ತಿಳಿದ ಹೆಸರೊಂದರ ನಂಟಿದೆ. ಮೊದಲ ಮಹಾಯುದ್ಧದಲ್ಲಿ ಉಕ್ಕು ಸಿಗದೆ, 1915ರಲ್ಲಿ ಕಾಂಕ್ರೀಟಿನಿಂದ ಕಟ್ಟಿದ ಕಲ್ಲಿದ್ದಲ ದೋಣಿಯದು. ಫ್ರೆಸಿನೆ ಅಳತೆಯದ್ದಲ್ಲ, ಸೇನ್ ನದಿಯ ದೊಡ್ಡ ದೋಣಿ. ಯುದ್ಧ ಮುಗಿದ ಮೇಲೆ ಸಾಲ್ವೇಶನ್ ಆರ್ಮಿ ಅದನ್ನು ಕೊಂಡಿತು. 1929ರಲ್ಲಿ ಅದನ್ನು ಪ್ಯಾರಿಸಿನ ನಿರ್ಗತಿಕರ ತಂಗುದಾಣವಾಗಿ ಮಾರ್ಪಡಿಸಿದವರು ಮುಂದೆ ಚಂಡೀಗಢವನ್ನು ರೂಪಿಸಿದ ಲ ಕಾರ್ಬ್ಯೂಸಿಯೆ. ಒಡಲಿನೊಳಗೆ ಸಾಲು ಕಂಬ, ಉದ್ದಕ್ಕೂ ಕಿಟಕಿಯ ಪಟ್ಟಿ, ನೂರಕ್ಕೂ ಹೆಚ್ಚು ಹಾಸಿಗೆ. ‘ಲೂಯಿಸ್ ಕಾಥರಿನ್’ ಎಂಬ ಆ ದೋಣಿ 1990ರ ದಶಕದವರೆಗೂ ಜನರನ್ನು ಮಲಗಿಸಿತು. 2018ರ ಫೆಬ್ರುವರಿಯಲ್ಲಿ, ಸೇನ್ ಪ್ರವಾಹ ಇಳಿಯುತ್ತಿದ್ದಾಗ ಮುಳುಗಿತು, 2020ರಲ್ಲಿ ಮೇಲೆತ್ತಿದರು.

ಪ್ರವಾಹ ಏರುವಾಗಲ್ಲ, ಇಳಿಯುವಾಗ. ದೋಣಿಮನೆಯವರ ಭಯವೂ ಅದೇ. ಏರುವ ನೀರಿನೊಂದಿಗೆ ದೋಣಿ ಏರುತ್ತದೆ, ಹಗ್ಗ ಸಡಿಲಿಸಿದರಾಯಿತು. ಏರಿದ ದೋಣಿ ದಡದ ಕಟ್ಟೆಯ ಮೇಲಕ್ಕೆ ಸರಿದಿದ್ದು, ನೀರು ರಾತ್ರೋರಾತ್ರಿ ತಗ್ಗಿದರೆ, ಅರ್ಧ ಕಲ್ಲಿನ ಮೇಲೆ ಅರ್ಧ ಗಾಳಿಯಲ್ಲಿ. 2016ರ ಜೂನಿನಲ್ಲಿ ಪ್ಯಾರಿಸಿನ ಔಸ್ಟರ್ಲಿಟ್ಸ್ ಸೇತುವೆಯ ಅಳತೆಗೋಲಿನಲ್ಲಿ ಸೇನ್ 6.10 ಮೀಟರ್ ತಲುಪಿದಾಗ ಮನೆಯವರು ಉದ್ದನೆಯ ಕೋಲುಗಳಿಂದ ದೋಣಿಯನ್ನು ಕಟ್ಟೆಯಿಂದ ದೂರ ತಳ್ಳಿ ಹಿಡಿದು ಕಾದರು.

ವಿಳಾಸ ಉಂಟು, ಜಾಗ ಸ್ವಂತವಲ್ಲ

ದೋಣಿಯನ್ನು ಕೊಳ್ಳಬಹುದು, ಅದನ್ನು ಕಟ್ಟುವ ದಡವನ್ನು ಕೊಳ್ಳುವಂತಿಲ್ಲ. ಜಲಮಾರ್ಗ ಸಾರ್ವಜನಿಕ ಆಸ್ತಿ. ಬಹುಪಾಲು ಜಲಮಾರ್ಗಗಳನ್ನು ನೋಡಿಕೊಳ್ಳುವ ‘ವಿ.ಎನ್.ಎಫ್.’ ಸಂಸ್ಥೆ ಅಥವಾ ಆಯಾ ಬಂದರು ಸಂಸ್ಥೆ ಇಂತಿಷ್ಟು ವರ್ಷಕ್ಕೆಂದು ತಾತ್ಕಾಲಿಕ ಅನುಮತಿ ಕೊಡುತ್ತದೆ, ಅದಕ್ಕೆ ಶುಲ್ಕವಿದೆ. ಪ್ಯಾರಿಸಿನಲ್ಲಿ ಖಾಲಿ ಜಾಗ ಸಿಗುವುದು ದುರ್ಲಭ. ಇಪ್ಪತ್ತು ಮೀಟರಿಗಿಂತ ಉದ್ದದ ದೋಣಿ ಓಡಿಸಲು ಬೇರೆಯೇ ಪರವಾನಗಿ ಬೇಕು.

ಹತ್ತು ವರ್ಷಕ್ಕೊಮ್ಮೆ ತಳದ ತಪಾಸಣೆಯೂ ಆಗಬೇಕು. ಎಂಜಿನ್ ಇಟ್ಟುಕೊಂಡವರು ತಾವೇ ಹೊರಡುತ್ತಾರೆ, ಇಲ್ಲದವರು ಎಳೆದೋಣಿ ಕರೆಸುತ್ತಾರೆ. ಅಂದು ಬೆಳಿಗ್ಗೆ ಹೂವಿನ ಕುಂಡಗಳನ್ನೂ ಸೈಕಲ್ಲುಗಳನ್ನೂ ಕೆಳಗಿಳಿಸಿ, ಪುಸ್ತಕದ ಬೀರುವಿಗೆ ಹಗ್ಗ ಬಿಗಿದು, ವಿದ್ಯುತ್ ತಂತಿ ಮತ್ತು ನೀರಿನ ಕೊಳವೆ ಕಳಚುತ್ತಾರೆ. ಸೇತುವೆ ತಗ್ಗಾಗಿದ್ದರೆ ಚುಕ್ಕಾಣಿ ಕೋಣೆಯ ಚಾವಣಿಯನ್ನೂ ಬಿಚ್ಚಿ ಮಲಗಿಸುತ್ತಾರೆ. ಸಣ್ಣ ಕಾಲುವೆಗೆ ತಿರುಗಿ ಮೊದಲ ಲಾಕಿನ ಬಾಯಿಗೆ ಬಂದಾಗ ಒಬ್ಬರು ಹಗ್ಗ ಹಿಡಿದು ಮುಂದೆ ನಿಲ್ಲುತ್ತಾರೆ, ಇನ್ನೊಬ್ಬರು ಹಿಂದಿನಿಂದ ಮೂತಿಯನ್ನು ದಿಟ್ಟಿಸುತ್ತಾರೆ. ಎಡಕ್ಕೆ ಏಳೂವರೆ ಸೆಂಟಿಮೀಟರ್, ಬಲಕ್ಕೆ ಏಳೂವರೆ.